ಏಳನೇ ಚೌಕದ ಐದು ದಿನ

ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಆಮೇಲೆ ನೀವೇ ಕಂಡುಹಿಡಿದು, ಓಹೋ, ಇವಳ ಬಣ್ಣ ಇದಾ ಅನ್ನುತ್ತೀರಿ.

ಯಾರ ಮೇಲೆ ಅಂದರೆ ನನ್ನ ಓರಗಿತ್ತಿಯ ಮೇಲೆ, ನನ್ನ ಮೈದುನನ ಹೆಂಡತಿಯ ಮೇಲೆ. ಒಂದೇ ಮನೆ, ಒಂದೇ ಅಡುಗೆಮನೆ, ಒಬ್ಬರೇ ಅತ್ತೆ. ಸಾಲದು ಅಂತ ಕೆಲಸವೂ ಒಂದೇ ಇಲಾಖೆಯಲ್ಲಿ. ಅವಳು ಪಶುವೈದ್ಯೆ. ಎಲ್ಲಾದರೂ ದನಕರುಗಳಿಗೆ ರೋಗ ಬಿದ್ದರೆ, ಮೇವು ನೀರುಪಾಲಾದರೆ, ಚೀಲ ಹೆಗಲಿಗೇರಿಸಿ ಮೊದಲು ಹೊರಡುವವಳು ಅವಳು. ನಾನು ತುರ್ತು ನಿಧಿಯ ಮೇಜಿನಲ್ಲಿ ಕೂತವಳು. ಅವಳು ಹೋದ ಕಡೆಗೆ ಹಣ ಬಿಡುಗಡೆ ಮಾಡುವವಳು ನಾನು. ಅವಳ ಬೂಟಿಗೆ ಕೆಸರು ಮೆತ್ತಿಕೊಳ್ಳುತ್ತದೆ, ನನ್ನ ಬೆರಳಿಗೆ ಶಾಯಿ. ಕೆಸರಿಗೆ ಇರುವ ಮರ್ಯಾದೆ ಶಾಯಿಗೆ ಇಲ್ಲ ಅನ್ನುವುದು ಹತ್ತು ವರ್ಷದಿಂದ ನನ್ನ ಸಂಕಟ.

ನಮ್ಮ ಮನೆಯ ಬಾಗಿಲು ತೆಗೆದರೆ ಎದುರಿಗೇ ಒಂದು ಫೋಟೊ ಕಾಣುತ್ತದೆ. ಪತ್ರಿಕೆಯಲ್ಲಿ ಬಂದದ್ದನ್ನು ಅತ್ತೆ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ್ದಾರೆ. ಓರಗಿತ್ತಿ ಸೊಂಟದವರೆಗಿನ ನೆರೆನೀರಿನಲ್ಲಿ ಹೆಗಲ ಮೇಲೆ ಒಂದು ಕರು ಹೊತ್ತು ನಿಂತಿದ್ದಾಳೆ. ನಿಜ ಹೇಳಬೇಕೆಂದರೆ ಕರು ಅವಳಿಗಿಂತ ಚೆನ್ನಾಗಿ ಬಂದಿದೆ. ಆದರೆ ಕರುವನ್ನು ಯಾರು ನೋಡುತ್ತಾರೆ?

ಅವಳಲ್ಲಿ ಒಂದು ಗುಣವಿದೆ. ಹೇಳಿದ ಹೊತ್ತು ತಪ್ಪುವುದಿಲ್ಲ. ಊರೂರು ಸುತ್ತಿ ವಾಪಸು ಬರುವಾಗ ಬಸ್ ನಿಲ್ದಾಣದಿಂದ ಫೋನ್ ಮಾಡುತ್ತಾಳೆ: "ಅಕ್ಕಾ, ನಲವತ್ತು ನಿಮಿಷದಲ್ಲಿ ಮನೇಲಿರ್ತೀನಿ." ಅತ್ತೆ ಎದ್ದು ಬಚ್ಚಲಿಗೆ ಬಿಸಿನೀರು ಹಾಕುತ್ತಾರೆ. ನಲವತ್ತನೇ ನಿಮಿಷಕ್ಕೆ ಗೇಟು ಕಿರುಗುಟ್ಟುತ್ತದೆ. ಒಂದು ಸಲವಾದರೂ ತಪ್ಪಲಿ ಅಂತ ನಾನು ಗಡಿಯಾರ ಹಿಡಿದು ಕೂತದ್ದುಂಟು. ತಪ್ಪಲಿಲ್ಲ. ನನಗೆ ಹತ್ತು ನಿಮಿಷ ಅಂದರೆ ಅರ್ಧ ಗಂಟೆ, ನಮ್ಮವರಿಗೆ ಹತ್ತು ನಿಮಿಷ ಅಂದರೆ ನಾಳೆ. ಅವಳಿಗೆ ಮಾತ್ರ ಹತ್ತು ಅಂದರೆ ಹತ್ತು.

ಇನ್ನೊಂದು ಅಭ್ಯಾಸವೂ ಇದೆ. ಆಫೀಸಿನ ಫೋನಿನಲ್ಲೂ ನನ್ನನ್ನು ಅಕ್ಕ ಅನ್ನುತ್ತಾಳೆ. ಒಮ್ಮೆ ಸಭೆಯ ನಡುವೆ ಸ್ಪೀಕರ್ ಹಾಕಿದ್ದಾಗ "ಅಕ್ಕಾ, ಊಟ ಆಯ್ತಾ?" ಅಂತ ಶುರುಮಾಡಿದಳು. ಎಲ್ಲರೂ ಕಿಸಕ್ಕನೆ ನಕ್ಕರು. ಆ ಸಂಜೆ ನಾನು ಗದರಿದೆ: "ಆಫೀಸಲ್ಲಿ ಮೇಡಂ ಅನ್ನೇ. ನಂಗೂ ಒಂದು ಗೌರವ ಬೇಡ್ವಾ?"

"ಆಯ್ತಕ್ಕಾ," ಅಂದಳು.

ನಮ್ಮ ನಿಧಿಯ ವಿಷಯ ಸ್ವಲ್ಪ ಹೇಳಬೇಕು. ಎಲ್ಲೋ ರೋಗವೋ ಕೀಟವೋ ನೆರೆಯೋ ಬಂತು ಅಂದಿಟ್ಟುಕೊಳ್ಳಿ. ಹಣ ಕೊಡುವ ದೊಡ್ಡವರು ವರದಿ ತರಿಸಿಕೊಂಡು, ಸಭೆ ಸೇರಿ, ನಿಟ್ಟುಸಿರು ಬಿಟ್ಟು, ಸಹಿ ಹಾಕುವಷ್ಟರಲ್ಲಿ ಸಾಯುವವು ಸತ್ತು ಮುಗಿದಿರುತ್ತವೆ. ಅದಕ್ಕೇ ಒಂದಷ್ಟು ಹಣ ಮೊದಲೇ ತೆಗೆದಿಟ್ಟಿರುತ್ತಾರೆ. ಅರ್ಜಿ ಬಂದ ಎಪ್ಪತ್ತೆರಡು ಗಂಟೆಯೊಳಗೆ ಅದರಿಂದ ಬಿಡುಗಡೆಯಾಗಬೇಕು. ದೊಡ್ಡವರ ಹಣ ನಿಧಾನಕ್ಕೆ ಬಂದು ಆ ಜಾಗ ತುಂಬಿಕೊಳ್ಳುತ್ತದೆ. ಅರ್ಜಿ ಬಂದ ಕ್ಷಣದಿಂದ ಕಂಪ್ಯೂಟರಿನಲ್ಲಿ ಒಂದು ಹಸಿರು ಗಡಿಯಾರ ಓಡುತ್ತದೆ. ನಾವು ಏನಾದರೂ ಪ್ರಶ್ನೆ ಕೇಳಿದರೆ ಅದು ಹಳದಿಯಾಗಿ ನಿಲ್ಲುತ್ತದೆ. ಉತ್ತರ ಬಂದ ಮೇಲೆ ಮತ್ತೆ ಓಡುತ್ತದೆ.

ಅರ್ಜಿ ಎರಡೇ ಪುಟ. ಅದರಲ್ಲಿ ಏಳನೇ ಚೌಕ ಮುಖ್ಯ. "ಪರಿಸ್ಥಿತಿ ಕೈಮೀರಲು ಇನ್ನು ಎಷ್ಟು ದಿನ?" ಅಂತ ಕೇಳುತ್ತದೆ. ಅಲ್ಲಿ ಒಂದು ಅಂಕಿ ಬರೆಯಬೇಕು, ಅಷ್ಟೇ.

ಆ ಅಂಕಿಯನ್ನು ಯಾರೂ ನಂಬುವುದಿಲ್ಲ. ಒಮ್ಮೆ ಆಲೂಗಡ್ಡೆ ರೋಗದ ಅಧಿಕಾರಿಯೊಬ್ಬ "ಎರಡು ದಿನ" ಅಂತ ಬರೆದು, ಅರ್ಜಿ ಕಳಿಸಿ, ಒಂದು ವಾರ ರಜೆ ಹಾಕಿ ಹೋಗಿದ್ದ. ಅಂದಿನಿಂದ ನಮ್ಮಲ್ಲಿ ಒಂದು ಪದ್ಧತಿ. ಯಾವ ಸುತ್ತೋಲೆಯಲ್ಲೂ ಇಲ್ಲ, ಆದರೆ ಹೊಸಬರಿಗೆ ಮೊದಲ ದಿನ ಚಹಾದ ಜೊತೆಗೇ ಹೇಳಿಕೊಡುತ್ತೇವೆ: ಹೊರಗಿನವರು ಬರೆದ ದಿನವನ್ನು ದುಪ್ಪಟ್ಟು ಮಾಡಿ ಓದಬೇಕು. ಅವರು ಐದು ಅಂದರೆ ಹತ್ತು. ಇದು ಅವರಿಗೂ ಗೊತ್ತು. ಅದಕ್ಕೇ ಹತ್ತಿದ್ದರೆ ಐದು ಅಂತ ಬರೆಯುತ್ತಾರೆ. ಎರಡೂ ಕಡೆ ಸುಳ್ಳು ಹೇಳಿಕೊಂಡು ಲೆಕ್ಕ ಸರಿಹೋಗುತ್ತಿತ್ತು. ಯಾರಿಗೂ ತೊಂದರೆಯಿರಲಿಲ್ಲ.

ಐದಿದ್ದರೆ ಐದು ಅಂತಲೇ ಬರೆಯುವವಳು ಇಡೀ ಇಲಾಖೆಯಲ್ಲಿ ಒಬ್ಬಳೇ. ಅದು ಗೊತ್ತಿದ್ದವಳೂ ಒಬ್ಬಳೇ, ನಾನು.

ಹಿಂದಿನ ವರ್ಷದ ನೆರೆಯಲ್ಲಿ ಅವಳು ಏಳನೇ ಚೌಕದಲ್ಲಿ "ನಾಲ್ಕು" ಅಂತ ಬರೆದಿದ್ದಳು. ನಮ್ಮ ಸಾಹೇಬರು ಎಲ್ಲದಕ್ಕೂ ಆಗಲಿ ಆಗಲಿ ಅನ್ನುವವರು. ಬೆನ್ನ ಹಿಂದೆ ಅವರ ಹೆಸರೇ ಆಗಲಿ ಸಾಹೇಬರು. ಅವರು ಅಂದರು, "ನಾಲ್ಕು ಅಂದ್ರೆ ಎಂಟು ಮೇಡಂ. ನಿಧಾನಕ್ಕೆ ಆಗಲಿ." ನಾನು ಪಟ್ಟುಹಿಡಿದೆ. "ಇಲ್ಲ ಸಾರ್, ಇದು ನಾಲ್ಕೇ," ಅಂದೆ. ಹತ್ತೊಂಬತ್ತು ಗಂಟೆಯಲ್ಲಿ ಹಣ ಬಿಟ್ಟೆ. ಮೂರನೇ ದಿನ ಮೇವಿನ ಲಾರಿಗಳು ಸೇತುವೆ ದಾಟಿದವು. ಐದನೇ ದಿನ ಬೆಳಿಗ್ಗೆ ಸೇತುವೆಯೇ ಕೊಚ್ಚಿಹೋಯಿತು. ಸಾವಿರಾರು ದನ ಉಳಿದವು. ಪತ್ರಿಕೆಯಲ್ಲಿ ಅವಳ ಫೋಟೊ ಬಂತು, ಹೆಗಲ ಮೇಲೆ ಕರು. ನನ್ನ ಹತ್ತೊಂಬತ್ತು ಗಂಟೆಗೆ ಫೋಟೊ ತೆಗೆಯಲು ಬರುವುದಿಲ್ಲವಲ್ಲ.

ಇಷ್ಟು ಹಿನ್ನೆಲೆ. ಈಗ ಆ ಭಾನುವಾರಕ್ಕೆ ಬರುತ್ತೇನೆ.

ಅತ್ತೆಯ ತಂಗಿ ಮನೆಮಂದಿಯೊಂದಿಗೆ ಬಂದಿದ್ದರು. ನಾನು ಬೆಳಗಿನಿಂದ ಒಲೆಯ ಮುಂದೆ. ಓರಗಿತ್ತಿ ಊರಲ್ಲಿರಲಿಲ್ಲ. ಯಾವುದೋ ಬೆಟ್ಟದ ಮೇಲೆ ಆಡುಕುರಿಗಳಿಗೆ ಕಾಯಿಲೆ ಅಂತ ನಾಲ್ಕು ದಿನದ ಹಿಂದೆ ಹೋಗಿದ್ದಳು. ಇಲ್ಲದಿದ್ದರೇನು, ಫೋಟೊ ಇತ್ತಲ್ಲ. ಅತ್ತೆ ನೆರೆಯ ಕಥೆ ತೆಗೆದರು. ಅವರು ಪ್ರತಿ ಸಲ ಹೇಳುವಾಗಲೂ ನೀರು ಒಂದು ಗೇಣು ಏರುತ್ತದೆ. ಆ ದಿನ ಕುತ್ತಿಗೆ ಮುಟ್ಟಿತ್ತು.

"ಕುತ್ತಿಗೆವರೆಗೂ ನೀರು ಕಣೇ! ಆದ್ರೂ ಕರು ಬಿಡ್ಲಿಲ್ಲ ನಮ್ಮ ಡಾಕ್ಟ್ರು."

"ದೊಡ್ಡವಳೂ ಅಲ್ಲೇ ಅಲ್ವಾ ಕೆಲ್ಸ ಮಾಡೋದು?" ಅಂತ ಅವರ ತಂಗಿ ಕೇಳಿದರು. ನಾನು ಚಹಾದ ತಟ್ಟೆ ಹಿಡಿದು ಅಲ್ಲೇ ನಿಂತಿದ್ದೆ.

"ಹೂಂ," ಅಂದರು ಅತ್ತೆ. "ಅವಳು ಕೂತು ಸೈನ್ ಹಾಕ್ತಾಳೆ. ಯಾರಾದ್ರೂ ಹಾಕ್ಬೇಕಲ್ಲ."

"ಪಾಪ, ಅದೂ ಒಂದು ಕೆಲ್ಸಾನೇ," ಅಂದರು ತಂಗಿ.

ಆ ಪಾಪ ಅನ್ನುವ ಮಾತು ಇದೆಯಲ್ಲ, ಅದು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಪಾಪ ಅಂದವರಿಗೆ ಏನು ಹೇಳುವುದು? ಚಹಾ ಕೊಟ್ಟೆ. ಸಕ್ಕರೆ ಸಾಕಾ ಅಂತಲೂ ಕೇಳಿದೆ. ಆಮೇಲೆ ಅಡುಗೆಮನೆಗೆ ಬಂದು ಪಾತ್ರೆಗಳ ಮೇಲೆ ಕೋಪ ತೀರಿಸಿಕೊಂಡೆ. "ಏನದು ಸದ್ದು?" ಅಂತ ಅತ್ತೆ ಕೂಗಿದರು. "ಕೂತು ಸೈನ್ ಹಾಕ್ತಿದೀನಿ ಅತ್ತೆ," ಅನ್ನಬೇಕೆನಿಸಿತು. ಅನ್ನಲಿಲ್ಲ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅವಳ ಅರ್ಜಿ ಬಂತು.

ಬೆಟ್ಟದ ಮೇಲಿನ ಹುಲ್ಲುಗಾವಲಿನಲ್ಲಿ ಹನ್ನೊಂದು ಮಂದೆಗಳಿವೆ, ಮೂರರಲ್ಲಿ ಹಿರೇಬೇನೆ ಕಾಣಿಸಿದೆ. ಆಡುಕುರಿಗಳಿಗೆ ಅದಕ್ಕಿಂತ ಕೆಟ್ಟ ಕಾಯಿಲೆ ಇಲ್ಲ. ಮೂಗು ಬಾಯಿ ಸೋರಿ, ಭೇದಿಯಾಗಿ, ವಾರದಲ್ಲಿ ಮುಗಿಯುತ್ತವೆ. ಅಲ್ಲಿಯವರೆಗೆ ರೋಗ ಬೆಟ್ಟದ ಮೇಲೆಯೇ ಇತ್ತು. ಆದರೆ ಮೇಲಿನ ಹೊಂಡ ಬತ್ತುತ್ತಿದೆ. ಅದು ಬತ್ತಿದ ದಿನ ಮಂದೆಗಳು ಕೆಳಗಿನ ಕೆರೆಗೆ ಇಳಿಯುತ್ತವೆ, ಬಾಯಾರಿದ ಪ್ರಾಣಿಯನ್ನು ಯಾರೂ ತಡೆಯಲಾಗದು. ಕೆರೆಯ ಸುತ್ತ ಇಪ್ಪತ್ತಮೂರು ಹಳ್ಳಿ. ಅಲ್ಲಿ ಮನೆಮನೆಯಲ್ಲೂ ಆಡು, ಮಕ್ಕಳು ಕುಡಿಯುವುದು ಅದರದ್ದೇ ಹಾಲು. ಅವಳು ಕೇಳಿದ್ದು ಇಷ್ಟು: ಟ್ಯಾಂಕರುಗಳಲ್ಲಿ ನೀರು ಮೇಲಕ್ಕೆ ಕಳಿಸಿ, ಮಂದೆಗಳು ಅಲ್ಲೇ ನಿಲ್ಲಲಿ, ಅಷ್ಟರಲ್ಲಿ ಕೆಳಗಿನ ಹಳ್ಳಿಗಳಿಗೆ ಲಸಿಕೆ ಹಾಕಿ ಮುಗಿಸುತ್ತೇನೆ.

ಏಳನೇ ಚೌಕದಲ್ಲಿ "ಐದು" ಅಂತಿತ್ತು.

ಆಗಲಿ ಸಾಹೇಬರು ನನ್ನ ಮೇಜಿನ ಹತ್ತಿರ ಬಂದರು. "ನಿಮ್ಮ ಓರಗಿತ್ತೀದು. ನೆಂಟರ ಫೈಲು ಬೇರೆಯವ್ರು ನೋಡ್ಬೇಕು ಅಂತ ನಿಯಮ. ಆದ್ರೆ ಇನ್ನೊಬ್ರು ರಜದಲ್ಲಿದಾರೆ. ನೀವೇ ನೋಡಿ. ನೀವು ಅವ್ರ ಪರ ವಹಿಸ್ತೀರಿ ಅಂತ ಯಾರೂ ಅನ್ನಲ್ಲ ಬಿಡಿ!"

ಅಕ್ಕಪಕ್ಕದ ಮೇಜುಗಳಿಂದ ನಗು ಬಂತು. ನಾನೂ ನಕ್ಕೆ. ಪರ ವಹಿಸುತ್ತೇನೆಯೇ ಅಂತ ಎಲ್ಲರೂ ಯೋಚಿಸಿದರು. ಇನ್ನೊಂದು ಮಗ್ಗುಲು ಯಾರಿಗೂ ಹೊಳೆಯಲಿಲ್ಲ.

ಮಧ್ಯಾಹ್ನ ಹನ್ನೆರಡರವರೆಗೆ ಆ ಎರಡು ಪುಟ ನೋಡುತ್ತಾ ಕೂತೆ. ಬಿಡುಗಡೆಯ ಗುಂಡಿಯ ಮೇಲೆ ಬೆರಳು ಹೋಯಿತು ಕೂಡ. ಆಗಲೇ ಕಿವಿಯಲ್ಲಿ "ಕೂತು ಸೈನ್ ಹಾಕ್ತಾಳೆ" ಅಂತ ಕೇಳಿಸಿತು. ಸರಿ, ಕೂತು ಹಾಕುವವಳು ಕೂತೇ ಹಾಕುತ್ತೇನೆ, ಅವಸರವೇನು ಅಂದುಕೊಂಡೆ. ಮತ್ತೆ ಒಂದು ಫೋಟೊ ಬರುತ್ತದೆ, ಈ ಸಲ ಹೆಗಲ ಮೇಲೆ ಆಡಿನ ಮರಿ. ಅದಕ್ಕೂ ಕಟ್ಟು, ಅದಕ್ಕೂ ಮೊಳೆ. ಬಿಡುಗಡೆ ಬಿಟ್ಟು ಪಕ್ಕದ ಗುಂಡಿ ಒತ್ತಿದೆ. "ಐದು ದಿನಗಳ ಅಂದಾಜಿಗೆ ಆಧಾರವೇನೆಂದು ದಯವಿಟ್ಟು ಸ್ಪಷ್ಟಪಡಿಸುವುದು" ಅಂತ ಬರೆದೆ. ಅಚ್ಚುಕಟ್ಟಾದ ವಾಕ್ಯ, ಎಲ್ಲೂ ಹುಳುಕಿಲ್ಲ. ಹಸಿರು ಗಡಿಯಾರ ಹಳದಿಯಾಗಿ ನಿಂತಿತು.

ಬೆಟ್ಟದ ಮೇಲೆ ಸಿಗ್ನಲ್ ಇಲ್ಲ, ಜೀಪಿನಲ್ಲಿ ಎರಡು ಗಂಟೆ ಇಳಿದು ರಸ್ತೆಯ ತಿರುವಿಗೆ ಬಂದರಷ್ಟೇ ಸಂದೇಶ ಸಿಗುತ್ತದೆ ಅನ್ನುವುದು ನನಗೆ ಗೊತ್ತಿತ್ತು. ಹೊರಡುವ ಮುನ್ನ ಅವಳೇ ಹೇಳಿದ್ದಳು. ಊಟದ ಮೇಜಿನಲ್ಲಿ, ನನ್ನ ಪಕ್ಕದಲ್ಲಿ ಕೂತು.

ಉತ್ತರ ಬುಧವಾರ ಮಧ್ಯಾಹ್ನ ಬಂತು. ಇಲಾಖೆಯ ಕಡತದಲ್ಲಿ, ಎಲ್ಲರೂ ಓದುವ ಜಾಗದಲ್ಲಿ, ಅವಳು ಶುರುಮಾಡಿದ್ದು ಹೀಗೆ: "ಅಕ್ಕಾ, ಹೊಂಡದಲ್ಲಿ ಕೋಲು ನೆಟ್ಟು ದಿನಾ ಬೆಳಿಗ್ಗೆ ಗೆರೆ ಹಾಕ್ತಿದೀನಿ. ದಿನಕ್ಕೆ ನಾಲ್ಕು ಬೆರಳು ಇಳೀತಿದೆ. ಸೋಮವಾರ ಇಪ್ಪತ್ತು ಬೆರಳಿತ್ತು, ಇವತ್ತು ಹನ್ನೆರಡು. ಶನಿವಾರ ಬೆಳಿಗ್ಗೆ ಬರೀ ಕೆಸರು." ಜೊತೆಗೆ ಒಂದು ಫೋಟೊ. ಅವಳ ಫೋಟೊ ಅಲ್ಲ. ಕೋಲು, ಅದರ ಮೇಲೆ ಚಾಕುವಿನಿಂದ ಕೊರೆದ ಗೆರೆಗಳು, ಬುಡದಲ್ಲಿ ಒಂದಿಷ್ಟು ಕೆಂಪು ನೀರು.

ಅವತ್ತು ಸಹಿ ಹಾಕಿದ್ದರೆ ಟ್ಯಾಂಕರುಗಳು ಶುಕ್ರವಾರ ಬೆಟ್ಟ ಹತ್ತುತ್ತಿದ್ದವು. ಒಂದೂವರೆ ದಿನ ಬೇಕು ಅಂತ ಅರ್ಜಿಯಲ್ಲೇ ಇತ್ತು. ಕಾಗದವನ್ನು "ಈ ವಾರ" ಅಂತ ಬರೆದ ಟ್ರೇಯಲ್ಲಿಟ್ಟೆ. ಅದರ ಪಕ್ಕದಲ್ಲೇ "ಇಂದು" ಅನ್ನುವ ಟ್ರೇ ಖಾಲಿ ಇತ್ತು.

ಗುರುವಾರ ಆಗಲಿ ಸಾಹೇಬರು ಹೋಗುತ್ತಾ ಕೇಳಿದರು, "ಆಡಿನ ಫೈಲು ಏನಾಯ್ತು?"

"ಐದು ದಿನ ಅಂದಿದಾರೆ ಸಾರ್."

"ಅಂದ್ರೆ ಹತ್ತು. ಆಗಲಿ ಆಗಲಿ."

ಇಲ್ಲ ಸಾರ್, ಇದು ಐದೇ. ಅಷ್ಟೇ ಮಾತು. ಹಿಂದಿನ ವರ್ಷ ಹೇಳಿದ್ದೇ ಮಾತು. ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಪದ್ಧತಿ ಪದ್ಧತಿಯೇ, ಎಲ್ಲರಿಗೂ ಒಂದು ಇವಳಿಗೊಂದು ಮಾಡಲು ಬರುತ್ತದೆಯೇ ಅಂತ ನನಗೆ ನಾನೇ ಬುದ್ಧಿ ಹೇಳಿಕೊಂಡೆ. ನನ್ನ ಹೊಟ್ಟೆಕಿಚ್ಚಿಗೆ ಅಷ್ಟು ಒಳ್ಳೆಯ ಅಂಗಿ ತೊಡಿಸಿದ್ದು ಆ ಪದ್ಧತಿ.

ಶುಕ್ರವಾರ ಸಂಜೆ ನಾಲ್ಕಕ್ಕೆ ಸಹಿ ಹಾಕಿದೆ. ಗಡಿಯಾರ ಐವತ್ತನಾಲ್ಕು ಗಂಟೆ ತೋರಿಸಿತು, ಹಸಿರಿನಲ್ಲೇ.

ಶನಿವಾರ ಬೆಳಿಗ್ಗೆ ಹನ್ನೊಂದು ಮಂದೆಗಳೂ ಬೆಟ್ಟ ಇಳಿದವು. ಟ್ಯಾಂಕರುಗಳು ಭಾನುವಾರ ಮೇಲೆ ತಲುಪಿದವು. ಅಲ್ಲಿ ಒಂದು ಆಡೂ ಇರಲಿಲ್ಲ. ಚಾಲಕರು ತುಂಬಿದ ನೀರು ಇಟ್ಟುಕೊಂಡು ಸಂಜೆಯವರೆಗೆ ಕಾದು, ಬರಿದಾದ ಹೊಂಡಕ್ಕೇ ಸುರಿದು ಬಂದರಂತೆ.

ಆಮೇಲೆ ಬಂದ ವರದಿಗಳನ್ನೆಲ್ಲ ನಾನೇ ಓದಿ ಫೈಲು ಮಾಡಿದೆ. ಮೊದಲ ವಾರ ಎರಡು ಹಳ್ಳಿ. ಎರಡನೇ ವಾರ ಒಂಬತ್ತು. ಕೊನೆಗೆ ಹತ್ತೊಂಬತ್ತು ಹಳ್ಳಿಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಆಡು ಸತ್ತವು. ಮಕ್ಕಳಿಗೆ ಹಾಲಿನ ಪುಡಿ ಕಳಿಸಲು ಇನ್ನೊಂದು ಅರ್ಜಿ ಬಂತು. ಅದನ್ನು ಮೂರು ಗಂಟೆಯಲ್ಲಿ ಬಿಡುಗಡೆ ಮಾಡಿದೆ.

ತನಿಖೆ ಗಿನಿಖೆ ಏನೂ ಆಗಲಿಲ್ಲ. ಏಕೆ ಆಗಬೇಕು? ಎಪ್ಪತ್ತೆರಡರ ಗಡುವು, ಐವತ್ತನಾಲ್ಕರಲ್ಲಿ ಮುಗಿಸಿದ್ದೆ. ಅದರ ಮೇಲೆ ಪತ್ರಿಕೆಯವರು ಬಂದರು. ಆಗಲಿ ಸಾಹೇಬರು ನನ್ನನ್ನೇ ಮುಂದೆ ಮಾಡಿದರು. "ಗಡುವಿಗೆ ಮುನ್ನವೇ ನೆರವು" ಅಂತ ತಲೆಬರಹ. ಕೆಳಗೆ ನನ್ನ ಫೋಟೊ, ಮೇಜು, ಪೆನ್ನು, ಹಿಂದೆ ಎರಡು ಟ್ರೇ.

ಅತ್ತೆ ಅದನ್ನು ಕತ್ತರಿಸಿ ಕಟ್ಟು ಹಾಕಿಸಿಕೊಂಡು ಬಂದರು. ಕರುವಿನ ಫೋಟೊದ ಪಕ್ಕದಲ್ಲೇ ಮೊಳೆ ಹೊಡೆಸಿದರು. "ನೋಡು, ನಿಂದೂ ಹಾಕ್ಸಿದೀನಿ. ನಂಗೇನು ನೀವಿಬ್ರೂ ಬೇರೆ ಬೇರೇನಾ?" ಅಂದರು. ಹತ್ತು ವರ್ಷ ಕಾದಿದ್ದು ಅದಕ್ಕೇ. ಆ ಗೋಡೆಯ ಕಡೆ ನೋಡದೆ ಓಡಾಡುವುದನ್ನು ಅಂದಿನಿಂದ ಕಲಿತೆ.

ಓರಗಿತ್ತಿ ಐದು ವಾರದ ಮೇಲೆ ಬಂದಳು. "ಅಕ್ಕಾ, ನಲವತ್ತು ನಿಮಿಷ," ಅಂತ ಫೋನ್ ಬಂತು. ನಲವತ್ತನೇ ನಿಮಿಷಕ್ಕೆ ಗೇಟು ಸದ್ದಾಯಿತು. ಕೆನ್ನೆ ಒಳಗೆ ಹೋಗಿತ್ತು, ಕೈಯೆಲ್ಲ ಸುಣ್ಣ ತಿಂದ ಗಾಯ. ಹೂಳುವಾಗ ಸುಣ್ಣ ಹಾಕುತ್ತಾರಲ್ಲ, ಅದು. ಹೊಸ ಫೋಟೊ ನೋಡಿ, "ಚೆನ್ನಾಗಿ ಬಂದಿದೀರಿ ಅಕ್ಕಾ," ಅಂದಳು. ಚುಚ್ಚಿ ಹೇಳಿದ್ದಲ್ಲ. ಅವಳಿಗೆ ಚುಚ್ಚಿ ಮಾತಾಡಲು ಬರುವುದಿಲ್ಲ, ಅದೇ ನನ್ನ ಕಷ್ಟ.

ಮಧ್ಯಾಹ್ನ ಅತ್ತೆ ಮಲಗಿದ್ದರು. ನಾವಿಬ್ಬರೂ ಅಡುಗೆಮನೆಯಲ್ಲಿ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದೆವು.

"ತಪ್ಪು ನಂದೇ ಅಕ್ಕಾ," ಅಂದಳು ತಲೆಯೆತ್ತದೆ.

"ಏನು ತಪ್ಪು?"

"ನಾನು ಮೂರು ಅಂತ ಬರೀಬೇಕಿತ್ತು. ನೀವೆಲ್ಲ ಡಬಲ್ ಮಾಡ್ಕೊಂಡು ಓದ್ತೀರಿ ಅಂತ ನಂಗೂ ಗೊತ್ತು. ಬೇರೆ ಯಾರೇ ಆ ಮೇಜಲ್ಲಿದ್ರೂ ಮೂರು ಅಂತ್ಲೇ ಬರೀತಿದ್ದೆ. ನೀವಿದೀರಲ್ಲ, ನಿಮಗೆ ನನ್ನ ಮಾತು ಗೊತ್ತು ಅಂತ ಐದಕ್ಕೆ ಐದೇ ಬರ್ದೆ. ನಿಮ್ ಮೇಲೆ ಸಾಹೇಬ್ರು, ಅವ್ರ ಮೇಲೆ ಇನ್ಯಾರೋ. ನಿಮ್ಮೊಬ್ರ ಕೈಲಿದ್ಯಾ? ಅದು ನಂಗೆ ಹೊಳೀಲಿಲ್ಲ."

ನಾನು ಹುರುಳಿಕಾಯಿಯ ನಾರು ತೆಗೆಯುತ್ತಲೇ ಇದ್ದೆ.

"ಕೆರೆ ಹತ್ರ ಒಬ್ರು ಅಜ್ಜಿ," ಅಂದಳು. "ಎರಡೇ ಆಡು ಅವ್ರದ್ದು. ಸೆರಗಲ್ಲಿ ಅದರ ಬಾಯಿ ಒರೆಸ್ತಾ ಕೂತಿದ್ರು. 'ಶನಿವಾರದೊಳಗೆ ಮೇಲಕ್ಕೆ ನೀರು ಬರುತ್ತೆ ಅಂದಿದ್ಯಲ್ಲ ತಾಯಿ, ಏನಾಯ್ತು?' ಅಂದ್ರು. ನಾನೇ ದಿನ ಲೆಕ್ಕ ಹಾಕೋದ್ರಲ್ಲಿ ತಪ್ಪಿದೆ ಅಜ್ಜಿ ಅಂದೆ. ಇನ್ನೇನು ಹೇಳ್ಲಿ? ಆಫೀಸಿನವ್ರು ತಡ ಮಾಡಿದ್ರು ಅಂತ ನಿಮ್ ಮೇಲೆ ಹಾಕಕ್ಕಾಗುತ್ತಾ?"

ಜನ್ಮದಲ್ಲಿ ಹೊತ್ತು ತಪ್ಪದವಳು, ನನ್ನ ತಲೆ ಕಾಯಲು ತನ್ನ ಲೆಕ್ಕವೇ ತಪ್ಪು ಅಂತ ಊರ ಮುಂದೆ ಒಪ್ಪಿಕೊಂಡು ಬಂದಿದ್ದಳು. ಇಲ್ಲಿ ನನಗೆ ಕಣ್ಣೀರು ಬರಬೇಕಿತ್ತು. ಬಂದದ್ದು ಸಿಟ್ಟು. ನೆರೆಯಲ್ಲೂ ಅವಳೇ ದೊಡ್ಡವಳು, ಸೋತಾಗಲೂ ಅವಳೇ ದೊಡ್ಡವಳು. ಕ್ಷಮಿಸುವುದರಲ್ಲೂ ನನಗೊಂದು ಜಾಗ ಬಿಡುವುದಿಲ್ಲವಲ್ಲ ಇವಳು!

"ಸಾಕು ಸುಮ್ನಿರೇ," ಅಂದೆ. "ದೊಡ್ಡಸ್ತಿಕೆ ತೋರಿಸ್ಬೇಡ. ನಂಗೆ ಗೊತ್ತಿತ್ತು."

"ಏನು ಗೊತ್ತಿತ್ತು ಅಕ್ಕಾ?"

"ಐದು ಅಂದ್ರೆ ಐದೇ ಅಂತ. ಸಾಹೇಬ್ರಲ್ಲ, ಇನ್ಯಾರೂ ಅಲ್ಲ. ನನ್ನ ಮೇಜಲ್ಲೇ ಇತ್ತು. ನಾನೇ ಇಟ್ಕೊಂಡಿದ್ದೆ."

ಅವಳ ಚಾಕು ನಿಂತಿತು. ನನ್ನ ಮುಖ ನೋಡಿದಳು. ಯಾಕೆ ಅಂತ ಕೇಳುತ್ತಾಳೆ ಅಂದುಕೊಂಡೆ. ಕೇಳಿದ್ದರೆ ಆ ಭಾನುವಾರದ ಪಾಪದಿಂದ ಹಿಡಿದು ಹತ್ತು ವರ್ಷದ್ದನ್ನೂ ಹೇಳಲು ಸಿದ್ಧಳಾಗಿದ್ದೆ.

"ಕೋಲಿನ ಫೋಟೊ ನೋಡಿದ್ಮೇಲೂ?" ಅಂದಳು.

"ನೋಡಿದ್ಮೇಲೂ."

ತಲೆಯಾಡಿಸಿದಳು. ಉಳಿದ ಹುರುಳಿಕಾಯನ್ನೆಲ್ಲ ಹೆಚ್ಚಿದಳು, ಒಂದೂ ಬಿಡದೆ. ಚಾಕು ತೊಳೆದು ಅದರ ಜಾಗದಲ್ಲಿಟ್ಟು ಎದ್ದು ಹೋದಳು. ಅತ್ತೆಗಾಗಲೀ ಅವಳ ಗಂಡನಿಗಾಗಲೀ ನಮ್ಮವರಿಗಾಗಲೀ ಒಂದು ಮಾತೂ ಹೇಳಲಿಲ್ಲ. ಊಟಕ್ಕೆ ಕೂತಾಗ ಉಪ್ಪು ಕೇಳಿದರೆ ಕೊಟ್ಟಳು. ಹೇಳಿದ್ದರೆ, ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಎರಡು ತಿಂಗಳಾದ ಮೇಲೆ ಅವಳ ಮುಂದಿನ ಅರ್ಜಿ ಬಂತು. ನದಿಯಾಚೆಯ ಊರುಗಳಲ್ಲಿ ದನಗಳಿಗೆ ಕಾಲುಬಾಯಿ ಜ್ವರ, ಸಂತೆ ನಿಲ್ಲಿಸಬೇಕು, ಲಸಿಕೆ ಬೇಕು. ನಾನು ಮೊದಲು ನೋಡಿದ್ದೇ ಏಳನೇ ಚೌಕ. "ಮೂರು" ಅಂತಿತ್ತು.

ಅದೇ ದುಂಡನೆಯ ಅಕ್ಷರ. ಮೂರೋ ಆರೋ? ಎಲ್ಲರ ಹಾಗೆ ಅರ್ಧ ಮಾಡಿ ಬರೆದಿದ್ದಾಳೋ, ನಿಜವಾಗಿ ಮೂರೇ ದಿನವೋ? ಆ ಇಲಾಖೆಯಲ್ಲಿ ನಾನೊಬ್ಬಳೇ ಓದಬಲ್ಲ ಅಂಕಿಯಾಗಿತ್ತು ಅದು. ಈಗ ನನಗೂ ಓದಲು ಬರಲಿಲ್ಲ. ಫೋನ್ ತೆಗೆದು ಅವಳ ನಂಬರು ಒತ್ತಿದೆ. ಅದೃಷ್ಟಕ್ಕೆ ಸಿಕ್ಕಿತು.

"ನಮಸ್ಕಾರ ಮೇಡಂ," ಅಂದಳು.

ಕರೆ ಬೇರೆ ಯಾರಿಗೋ ಹೋಯಿತೇನೋ ಅಂತ ಒಂದು ಕ್ಷಣ ಪರದೆ ನೋಡಿದೆ.

"ನಾನು ಕಣೇ. ಮೂರು ಅಂತ ಬರ್ದಿದೀಯಲ್ಲ, ಅದು ಮೂರೇನಾ?"

"ಫಾರಂನಲ್ಲಿದೆಯಲ್ಲ ಮೇಡಂ."

"ಫಾರಂ ಕೇಳ್ತಿಲ್ಲ, ನಿನ್ನನ್ನ ಕೇಳ್ತಿದೀನಿ."

"ಸ್ಪಷ್ಟೀಕರಣ ಬೇಕಿದ್ರೆ ಕಳ್ಸಿ ಮೇಡಂ. ಉತ್ತರ ಕೊಡ್ತೀನಿ," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಫೋನ್ ಇಟ್ಟಳು.

ಆ ಗಳಿಗೆಯಲ್ಲೇ ಬಿಡುಗಡೆ ಮಾಡಿದೆ. ಆಗಲಿ ಸಾಹೇಬರು "ಮೂರು ಅಂದ್ರೆ ಆರಲ್ವಾ ಮೇಡಂ?" ಅಂದರು. "ಗೊತ್ತಿಲ್ಲ ಸಾರ್," ಅಂದೆ. ಆ ಮೇಜಿನಲ್ಲಿ ಕೂತು ನಾನು ಅವಳ ಅರ್ಜಿಯ ಬಗ್ಗೆ ಗೊತ್ತಿಲ್ಲ ಅಂದದ್ದು ಅದೇ ಮೊದಲು.

ಆ ವಾರದ ಕೊನೆಗೆ ನಾನು ಆಫೀಸಿನಿಂದ ಬಂದಾಗ ಅತ್ತೆ ಬಚ್ಚಲಿಗೆ ಬಿಸಿನೀರು ಹಾಕುತ್ತಿದ್ದರು.

"ಡಾಕ್ಟ್ರು ಬರ್ತಿದಾಳೆ. ನಂಗೆ ಫೋನ್ ಮಾಡಿದ್ಲು, ನಲವತ್ತು ನಿಮಿಷ ಅಂತ."

ನಿಲ್ದಾಣದ ಫೋನು ಹತ್ತು ವರ್ಷವೂ ನನಗೇ ಬರುತ್ತಿತ್ತು. ಚೀಲ ಕೆಳಗಿಟ್ಟು ಗಡಿಯಾರ ನೋಡುತ್ತಾ ಕೂತೆ. ತಪ್ಪಲಿ ಅಂತ ಅಲ್ಲ. ಸರಿಯಾಗಿ ನಲವತ್ತನೇ ನಿಮಿಷಕ್ಕೆ ಗೇಟು ಕಿರುಗುಟ್ಟಿತು.

ಮೊದಲೇ ಹೇಳಿದೆನಲ್ಲ, ನನಗೆ ಹೊಟ್ಟೆಕಿಚ್ಚು ಅಂತ. ಈಗಲೂ ಇದೆ. ಈಗ ಅತ್ತೆಯ ಮೇಲೆ.